ಅನುಭವದ ಖಾನೆಯಲ್ಲಿ ಏನನ್ನು ಬರೆಯಬೇಕು?

ಕಳೆದ ತಿಂಗಳು ಒಂದು ಸಂಜೆ ಖಿದಿರ್‌ಪುರದ ನಮ್ಮ ಕಾರ್ಯಾಲಯಕ್ಕೆ ಪರಿಚಿತ ಅಡಿಗೆಯವರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ಬಂದರು. ಹುಡುಗನು ಊರಿನಲ್ಲಿ ಪಿ.ಯು.ಸಿ. ಮುಗಿಸಿ, ಹದಿನೆಂಟು ತುಂಬಿದೊಡನೆಯೇ ರೈಲು ಹತ್ತಿ ತಂದೆಯ ಬಳಿಗೆ ಬಂದವನು. ಗುಮಾಸ್ತೆಯ ಕೆಲಸವೊಂದಕ್ಕೆ ಅರ್ಜಿ ಬರೆದಿದ್ದನು. ಅದನ್ನು ನಾನು ಒಮ್ಮೆ ತಿದ್ದಿಕೊಡಬೇಕೆಂಬುದು ತಂದೆಯ ಅಪೇಕ್ಷೆ. ಅಕ್ಷರ ದುಂಡಾಗಿತ್ತು, ತಪ್ಪೂ ಹೆಚ್ಚಿರಲಿಲ್ಲ. ಆದರೆ ‘ಅನುಭವ’ ಎಂಬ ಖಾನೆಯಲ್ಲಿ ಒಂದು ಅಡ್ಡಗೆರೆ ಮಾತ್ರ ಇತ್ತು.

“ಇಲ್ಲಿ ಏನೂ ಬರೆಯಲಿಲ್ಲವಲ್ಲ ಮಾಣಿ?” ಎಂದೆ.

“ಇನ್ನೂ ಕೆಲಸವೇ ಮಾಡಲಿಲ್ಲ ಧಣಿಗಳೆ, ಅನುಭವ ಎಲ್ಲಿಂದ ಬರಬೇಕು?” ಎಂದನು.

ಮಾತಿಗೆ ಮಾತು ಬೆಳೆದಾಗ ತಿಳಿದುಬಂದ ಸಂಗತಿಯೇನೆಂದರೆ, ಈ ಹುಡುಗನು ಒಣ ತೆಂಗಿನಕಾಯಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಊರಿನ ಕೆರೆಯಲ್ಲಿ ಈಜು ಕಲಿತು, ಶಾಲೆಯ ಪರವಾಗಿ ಜಿಲ್ಲಾ ಮಟ್ಟದವರೆಗೆ ಹೋಗಿ ಎರಡು ಪದಕ ಗಳಿಸಿದ್ದನು. ಪ್ರಶಸ್ತಿಪತ್ರಗಳು ಊರಿನ ಮನೆಯ ಟ್ರಂಕಿನ ತಳದಲ್ಲಿವೆ. “ಆಟದ ಕಾಗದ ಯಾರಿಗೆ ಬೇಕು?” ಎಂದು ತಂದೆಯೇ ಬೇಡವೆಂದಿದ್ದರಂತೆ.

ಆ ಪ್ರಶ್ನೆಗೆ ಉತ್ತರವೆಂಬಂತೆ ನನಗೆ ಆಗ ನೆನಪಾದವಳು ಇದೇ ಕಲ್ಕತ್ತೆಯ ಹುಡುಗಿಯೊಬ್ಬಳು. ಆಕೆಯ ಹೆಸರು ಆರತಿ ಸಾಹಾ.

ಆರತಿ ಹುಟ್ಟಿದ್ದು 1940ರ ಸೆಪ್ಟೆಂಬರ್ 24ರಂದು, ಸಾಧಾರಣ ಕುಟುಂಬದಲ್ಲಿ. ತಂದೆ ಸೇನಾ ಇಲಾಖೆಯಲ್ಲಿ ಸಾಮಾನ್ಯ ನೌಕರರು. ಎರಡೂವರೆ ವರ್ಷಕ್ಕೇ ತಾಯಿಯನ್ನು ಕಳೆದುಕೊಂಡ ಈ ಮಗುವನ್ನು ಸಾಕಿದವರು ಅಜ್ಜಿ. ನಾಲ್ಕು ವರ್ಷದವಳಾಗಿದ್ದಾಗ ಚಂಪಾತಲಾ ಘಾಟಿಗೆ ಸ್ನಾನಕ್ಕೆಂದು ಹೋಗುತ್ತ ಆಕೆ ನೀರನ್ನು ಒಲಿಸಿಕೊಂಡಳು. ಮಗಳ ಒಲವನ್ನು ಕಂಡ ತಂದೆ ಅವಳನ್ನು ಹಾಟ್‌ಖೋಲಾ ಈಜು ಸಂಘಕ್ಕೆ ಸೇರಿಸಿದರು. ಅಲ್ಲಿ ಅವಳ ಮೇಲೆ ಕಣ್ಣಿಟ್ಟು ತಿದ್ದಿದವರು, 1951ರಲ್ಲಿ ದೆಹಲಿಯ ಪ್ರಥಮ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಸಚಿನ್ ನಾಗ್ ಅವರು.

ಐದು ವರ್ಷದ ಪ್ರಾಯದಲ್ಲಿ, ಅಂದರೆ 1946ರಲ್ಲಿ, ಮೊದಲ ಬಂಗಾರದ ಪದಕ. 1948ರಲ್ಲಿ ಮುಂಬಯಿಯ ರಾಷ್ಟ್ರೀಯ ಸ್ಪರ್ಧೆಯಲ್ಲಿ ಎರಡು ಬೆಳ್ಳಿ, ಒಂದು ಕಂಚು. 1951ರ ಹೊತ್ತಿಗೆ ರಾಜ್ಯ ಮಟ್ಟದಲ್ಲಿ 22 ಗೆಲುವುಗಳು. 1952ರ ಹೆಲ್ಸಿಂಕಿ ಒಲಿಂಪಿಕ್ ಕೂಟದಲ್ಲಿ ಭಾರತದ ಪರವಾಗಿ 200 ಮೀಟರ್ ಎದೆಯೀಜಿನಲ್ಲಿ ನೀರಿಗಿಳಿದಾಗ ಆಕೆಗೆ ಹನ್ನೆರಡು ತುಂಬಲು ಇನ್ನೂ ಎರಡು ತಿಂಗಳು ಬಾಕಿಯಿತ್ತು. ಆಕೆ ಪದಕವನ್ನೇನೂ ತರಲಿಲ್ಲ. ಪ್ರಾಥಮಿಕ ಸುತ್ತಿನಲ್ಲಿ 3 ನಿಮಿಷ 40.8 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಹಿಂದಿರುಗಿದಳು. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಅದೇ ವಯಸ್ಸಿನಲ್ಲಿ ಪರವೂರಿನ ಹೋಟೆಲುಗಳಲ್ಲಿ ತಟ್ಟೆ ಲೋಟ ತೊಳೆಯುತ್ತಿದ್ದರೆಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ಅನಂತರ ಬಂದದ್ದು ಇಂಗ್ಲಿಷ್ ಕಡಲ್ಗಾಲುವೆಯ ಸಾಹಸ. 1958ರಲ್ಲಿ ಮಿಹಿರ್ ಸೇನ್ ಅವರು ಅದನ್ನು ದಾಟಿದ ಮೊದಲ ಭಾರತೀಯರೆನಿಸಿದ್ದರು. 1959ರ ಆಗಸ್ಟ್ 27ರಂದು ಆರತಿಯ ಮೊದಲ ಯತ್ನ. ದಾರಿ ತೋರಬೇಕಾಗಿದ್ದ ದೋಣಿ ತಡವಾಗಿ ಬಂದುದರಿಂದ ಅನುಕೂಲದ ಹೊತ್ತು ಕೈತಪ್ಪಿತು. ಇಂಗ್ಲೆಂಡಿನ ತೀರ ಕೆಲವೇ ಮೈಲಿಗಳಿರುವಾಗ ಎದುರು ಸೆಳೆತಕ್ಕೆ ಸಿಕ್ಕಿ, ಆಕೆ ನೀರಿನಿಂದ ಮೇಲಕ್ಕೆ ಬರಬೇಕಾಯಿತು.

ಆದರೆ ಆಕೆ ಊರಿಗೆ ಮರಳಲಿಲ್ಲ. ಸೆಪ್ಟೆಂಬರ್ 29ರಂದು, ಹತ್ತೊಂಬತ್ತು ತುಂಬಿದ ಐದನೆಯ ದಿನ, ಫ್ರಾನ್ಸಿನ ಗ್ರಿ ನೇ ಭೂಶಿರದಿಂದ ಮತ್ತೆ ಕಡಲಿಗಿಳಿದಳು. ನೇರ ಅಳತೆಗೆ ಇಪ್ಪತ್ತೊಂದು ಮೈಲಿಯಾಗುವ ಆ ದಾರಿ ಸೆಳೆತಗಳ ದೆಸೆಯಿಂದ 42 ಮೈಲಿಯಾಯಿತು. 16 ಗಂಟೆ 20 ನಿಮಿಷ ಈಜಿ ಸ್ಯಾಂಡ್‌ಗೇಟ್ ತೀರವನ್ನು ಮುಟ್ಟಿ ಅಲ್ಲಿ ಭಾರತದ ಧ್ವಜವನ್ನು ಏರಿಸಿದಳು. ಆ ಕಡಲ್ಗಾಲುವೆಯನ್ನು ಈಜಿದ ಏಷ್ಯಾದ ಮೊದಲ ಮಹಿಳೆ ಆಕೆ. 1960ರಲ್ಲಿ ಪದ್ಮಶ್ರೀ ಬಂದಿತು. ಆ ಗೌರವ ಪಡೆದ ಭಾರತದ ಪ್ರಥಮ ಕ್ರೀಡಾಪಟು ಮಹಿಳೆಯೂ ಆಕೆಯೇ.

ಆರತಿ ಸಾಹಾ ನೌಕರಿ ಮಾಡಿದ್ದು, ಜನರು ಬಿ.ಎನ್.ಆರ್. ಎಂದೇ ಕರೆಯುತ್ತ ಬಂದ ರೈಲ್ವೆಯಲ್ಲಿ. ಅದರ ಮುಖ್ಯ ಕಚೇರಿ ನಮ್ಮ ಖಿದಿರ್‌ಪುರದ ಪಕ್ಕದ ಗಾರ್ಡನ್ ರೀಚಿನಲ್ಲಿದೆ. 1994ರ ಆಗಸ್ಟಿನಲ್ಲಿ ಆಕೆ ತೀರಿಕೊಂಡರು.

ಇದು ಹಳೆಯ ಕಾಲದ ಮಾತಾಯಿತೆಂದು ಯಾರೂ ತಳ್ಳಿಹಾಕಬೇಕಾಗಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸಿಗೆ ನಮ್ಮ ಬೆಂಗಳೂರಿನಿಂದ ಹೋದ ಧಿನಿಧಿ ದೇಸಿಂಗುವಿಗೆ ಆಗ ಹದಿನಾಲ್ಕು ವರ್ಷ. ಭಾರತದ ತಂಡದಲ್ಲೆಲ್ಲ ಅತಿ ಕಿರಿಯಳು. 200 ಮೀಟರ್ ಫ್ರೀಸ್ಟೈಲಿನಲ್ಲಿ 2 ನಿಮಿಷ 6.96 ಸೆಕೆಂಡು ತೆಗೆದುಕೊಂಡು ಇಪ್ಪತ್ತಮೂರನೆಯ ಸ್ಥಾನ ಪಡೆದಳು. ಈ ಕನ್ನಡನಾಡಿನ ಬಾಲೆಯ ವಯಸ್ಸಿನ ಮಾತು ಬಂದಾಗ ಪತ್ರಿಕೆಗಳೆಲ್ಲ ಸ್ಮರಿಸಿದ್ದು ಕಲ್ಕತ್ತೆಯ ಆರತಿಯನ್ನೇ. ಮರುವರ್ಷ ಉತ್ತರಾಖಂಡದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಧಿನಿಧಿ ಗೆದ್ದ ಬಂಗಾರದ ಪದಕಗಳು ಒಂಬತ್ತು. ಶಾಲೆಯ ಚೀಲವನ್ನು ಇನ್ನೂ ಹೆಗಲಿನಿಂದ ಇಳಿಸದ ಹುಡುಗಿ!

ಇಲ್ಲಿ ನನ್ನದೊಂದು ತಪ್ಪನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ನಾನು ಗಲ್ಲಾದ ಮೇಲೆ ಕುಳಿತಿದ್ದ ಕಾಲದಲ್ಲಿ ಒಬ್ಬ ಸಪ್ಲೈಯರ್ ಹುಡುಗನಿದ್ದನು. ಊರಿನಲ್ಲಿ ಒಳ್ಳೆಯ ಓಟಗಾರ. ಇಲ್ಲಿಯ ಮೈದಾನವೊಂದರಲ್ಲಿ ಆಯ್ಕೆಯ ಓಟವಿದೆ, ಒಂದು ಬೆಳಗಿನ ರಜೆ ಬೇಕೆಂದು ಕೇಳಿದನು. ಅಂದು ಭಾನುವಾರ; ಬೆಳಗಿನ ತಿಂಡಿಯ ಹೊತ್ತಿನಲ್ಲಿ ನೂಕುನುಗ್ಗಲು. “ಓಡುವುದಿದ್ದರೆ ಮೇಜಿನಿಂದ ಮೇಜಿಗೆ ಓಡು” ಎಂದುಬಿಟ್ಟೆ. ಎಲ್ಲರೂ ನಕ್ಕರು, ಅವನೂ ನಕ್ಕನು. ಮತ್ತೆಂದೂ ಅವನು ಓಟದ ಮಾತೆತ್ತಲಿಲ್ಲ. ಅವನು ಗೆಲ್ಲುತ್ತಿದ್ದನೋ ಇಲ್ಲವೋ ದೇವರಿಗೇ ಗೊತ್ತು. ಆದರೆ ಆ ಒಂದು ಬೆಳಗನ್ನು ಅವನಿಗೆ ಕೊಡದೆ ಉಳಿಸಿಕೊಂಡ ಲಾಭವೇನೆಂದು ಲೆಕ್ಕ ಹಾಕಿದರೆ, ಒಂದಿಷ್ಟು ಪ್ಲೇಟು ಇಡ್ಲಿಯ ಹಣವೆಂದಷ್ಟೇ ಹೇಳಬಲ್ಲೆ.

ಆದಕಾರಣ ನಮ್ಮ ಬಂಧುಗಳಲ್ಲಿ ಎರಡು ವಿನಂತಿ. ರೈಲ್ವೆಯೇ ಮೊದಲಾದ ಸಂಸ್ಥೆಗಳು ಕ್ರೀಡಾ ಕೋಟಾದಲ್ಲಿ ನೇಮಕ ಮಾಡಿಕೊಳ್ಳುತ್ತ ಬಂದಿವೆ. ಅಲ್ಲಿ ತಾಲೂಕು ಮಟ್ಟದ ಕಾಗದ ನಡೆಯದು. ಹೆಚ್ಚಾಗಿ ರಾಜ್ಯ, ರಾಷ್ಟ್ರ ಮಟ್ಟದ ಸಾಧನೆಯನ್ನೇ ಕೇಳುತ್ತಾರೆ. ಆದರೂ ರಾಜ್ಯಕ್ಕೆ ಹೋಗುವ ಮೆಟ್ಟಿಲು ತಾಲೂಕಿನಲ್ಲೇ ಇರುವುದರಿಂದ, ಮಕ್ಕಳ ಪತ್ರಗಳನ್ನು ಜೋಪಾನವಾಗಿಡಿರಿ. ಎರಡನೆಯದು ನನ್ನಂಥ ಧಣಿಗಳಿಗೆ: ಹೊಸ ಹುಡುಗನು ಬಂದಾಗ, “ಎಲ್ಲಿ ಕೆಲಸ ಮಾಡಿದ್ದೆ?” ಎಂಬುದರ ಜೊತೆಗೆ, “ಇದುವರೆಗೆ ಏನೇನು ಕಲಿತೆ?” ಎಂದೂ ಕೇಳೋಣ. ಬೆಳಗಿನ ಚಳಿಗೆ ಎದ್ದು ನೀರಿಗಿಳಿದವನಿಗೆ, ಸೋತು ಮರುದಿನ ಪುನಃ ಅಭ್ಯಾಸಕ್ಕೆ ಹೋದವನಿಗೆ, ಹೊತ್ತಿಗೆ ಸರಿಯಾಗಿ ಬರುವುದನ್ನು ನಾವು ಕಲಿಸಬೇಕಾಗಿಲ್ಲ.

ಆ ಸಂಜೆ ಅರ್ಜಿಯ ಅಡ್ಡಗೆರೆಯನ್ನು ಹುಡುಗನೇ ಅಳಿಸಿದನು. ಅದರ ಜಾಗದಲ್ಲಿ, “ಈಜು, ಜಿಲ್ಲಾ ಮಟ್ಟ, ಎರಡು ಪದಕ” ಎಂದು ಬರೆದನು. ತಂದೆ ಹೊರಗೆ ಹೋಗಿ ಊರಿಗೆ ಫೋನು ಮಾಡಿದರು. ಟ್ರಂಕಿನ ತಳದ ಕಾಗದಗಳನ್ನು ಮಡಚದೆ, ರಟ್ಟಿನ ನಡುವೆ ಇಟ್ಟು ಅಂಚೆಯಲ್ಲಿ ಕಳುಹಿಸಬೇಕೆಂದು ಅವರು ಹೆಂಡತಿಗೆ ಹೇಳುತ್ತಿದ್ದುದು ಒಳಗೆ ನಮಗೂ ಕೇಳಿಸುತ್ತಿತ್ತು.