ಕಾವಲಿಗೆ ನಿಂತ ಮೇಣ

ಗಾಳಿ ಇರುವಷ್ಟು ಹೊತ್ತು ಹಾಯಿದೋಣಿಗೆ ಎಂಜಿನ್ನಿನ ನೆನಪೇ ಬರುವುದಿಲ್ಲ. ಗಾಳಿ ಬಿದ್ದುಹೋದಾಗ, ಇಕ್ಕಟ್ಟಾದ ಬಂದರಿನೊಳಗೆ ತಿರುಗಿಸಬೇಕಾದಾಗ ಮೆಟ್ಟಿಲ ಕೆಳಗೆ ಕೂತ ಒಂದೆರಡು ಸಿಲಿಂಡರಿನ ಡೀಸೆಲ್ ಎಂಜಿನ್ನೇ ಗತಿ. ಅದನ್ನು ತಣಿಸುವುದು ಸುಲಭ ಅನ್ನಿಸಬಹುದು, ಸುತ್ತ ಸಮುದ್ರವೇ ಇದೆಯಲ್ಲ! ದೋಣಿಯ ತಳದಲ್ಲೊಂದು ತೂತು, ಅದಕ್ಕೊಂದು ವಾಲ್ವ್, ರಬ್ಬರ್ ರೆಕ್ಕೆಗಳ ಇಂಪೆಲ್ಲರ್ ತಿರುಗುವ ಪುಟ್ಟ ಪಂಪು. ನಮ್ಮ ಹೊಲಗಳ ಡೀಸೆಲ್ ಪಂಪ್‌ಸೆಟ್ಟು ತಾನೇ ಎತ್ತಿದ ಬಾವಿನೀರಿನ ಒಂದು ಕವಲನ್ನು ಮೈಯೊಳಗೆ ಹರಿಸಿಕೊಂಡು ತಣ್ಣಗಾಗುತ್ತದಲ್ಲ, ಹಾಗೇ ಇದೂ.

ಆದರೆ ಬೇಕಾದ್ದಕ್ಕಿಂತ ಹೆಚ್ಚು ತಣಿದರೂ ಡೀಸೆಲ್ಲಿಗೆ ಕೇಡು. ಉತ್ತರ ಸಮುದ್ರದ ಕೊರೆಯುವ ನೀರು ಸಿಲಿಂಡರಿನ ಸುತ್ತ ಎಡೆಬಿಡದೆ ಹರಿದರೆ ಇಂಧನ ಪೂರ್ತಿ ಉರಿಯುವುದಿಲ್ಲ, ಮಸಿ ಕಟ್ಟುತ್ತದೆ. ಉರಿದಾಗ ಹುಟ್ಟಿದ ನೀರಾವಿ ತಣ್ಣನೆಯ ಗೋಡೆಗೆ ಹನಿಗಟ್ಟಿ, ಗಂಧಕದ ಜೊತೆ ಸೇರಿ ಆಮ್ಲವಾಗಿ ಲೋಹವನ್ನು ಸವೆಸುತ್ತದೆ. ಇತ್ತ ಸಮುದ್ರದ ನೀರು ಬಹಳ ಬಿಸಿಯಾಗುವಂತೆಯೂ ಇಲ್ಲ. ಸುಮಾರು 60 ಡಿಗ್ರಿ ದಾಟುತ್ತಿದ್ದಂತೆ ಅದರಲ್ಲಿ ಕರಗಿದ್ದ ಸುಣ್ಣದ ಅಂಶ ಎಂಜಿನ್ನಿನ ಒಳಗೋಡೆಗೆ ಪದರಗಟ್ಟತೊಡಗುತ್ತದೆ. ಹಾಗೆ ಕಟ್ಟುವುದು ಅಡುಗೆ ಉಪ್ಪು ಎಂದೇ ಹಲವರ ನಂಬಿಕೆ. ಅಡುಗೆ ಉಪ್ಪು ಬಿಸಿನೀರಿನಲ್ಲಿ ನಿರಾಯಾಸವಾಗಿ ಕರಗಿಯೇ ಇರುತ್ತದೆ. ಕಾಟ ಕೊಡುವುದು ಕ್ಯಾಲ್ಸಿಯಂ ಲವಣಗಳು. ಅವು ನೀರು ಕಾದಷ್ಟೂ ಕಡಿಮೆ ಕರಗುವ ಜಾತಿಯವು.

ಹೀಗೆ ಎರಡು ಅಪಾಯಗಳ ನಡುವಿನ ಕಿರಿದಾದ ದಾರಿಯಲ್ಲಿ ನೀರನ್ನು ಬಿಡಬೇಕು, ತಡೆಯಬೇಕು, ಅದೂ ಯಾರ ಕೈಯೂ ಇಲ್ಲದೆ. ಆ ಕಾವಲುಗಾರನನ್ನು ಹುಡುಕಿದ ಕತೆಗೆ ಮುನ್ನೂರು ವರ್ಷದ ಉದ್ದವಿದೆ.

ಮೊದಲ ಹೆಸರು ಕಾರ್ನೆಲಿಸ್ ಡ್ರೆಬೆಲ್. 1620ರ ಸುಮಾರಿಗೆ ಲಂಡನ್ನಿನ ಥೇಮ್ಸ್ ನದಿಯಲ್ಲಿ ಹುಟ್ಟು ಹಾಕಿ ನಡೆಸುವ ಜಲಾಂತರ್ಗಾಮಿಯನ್ನು ಓಡಿಸಿದ ಡಚ್ಚರವನು ಇವನೇ. ಕೋಳಿಮೊಟ್ಟೆಗೆ ಕಾವು ಕೊಡುವ ಒಲೆಯನ್ನೂ ಮಾಡಿದ. ಬಿಸಿಗೆ ಹಿಗ್ಗಿದ ಆಲ್ಕೋಹಾಲ್ ಪಾದರಸವನ್ನು ತಳ್ಳುತ್ತಿತ್ತು, ಪಾದರಸ ಒಂದು ಕಡ್ಡಿಯನ್ನು ಎತ್ತುತ್ತಿತ್ತು, ಕಡ್ಡಿ ಒಲೆಯ ಗಾಳಿಕಿಂಡಿಯನ್ನು ಮುಚ್ಚುತ್ತಿತ್ತು. ತತ್ವವೆಲ್ಲ ಅಲ್ಲೇ ಇದೆ. ಅಲ್ಲಾಡುವ ದೋಣಿಗೆ ಗಾಜಿನ ನಳಿಗೆ ಮಾತ್ರ ಒಗ್ಗುವಂಥದ್ದಲ್ಲ.

18ನೇ ಶತಮಾನದಲ್ಲಿ ಜಾನ್ ಹ್ಯಾರಿಸನ್ ತನ್ನ ಸಮುದ್ರಯಾನದ ಗಡಿಯಾರಕ್ಕಾಗಿ ಎರಡು ಲೋಹಗಳನ್ನು ಬೆಸೆದ ಪಟ್ಟಿ ಮಾಡಿದ. ಎರಡೂ ಬೇರೆಬೇರೆಯಾಗಿ ಹಿಗ್ಗುವುದರಿಂದ ಪಟ್ಟಿ ಬಾಗುತ್ತದೆ. 1830ರಲ್ಲಿ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಆಂಡ್ರ್ಯೂ ಯೂರ್ ಅಂಥದೇ ಪಟ್ಟಿಗಳ, ಬಿಸಿಯನ್ನು ತಾನೇ ಹತೋಟಿಯಲ್ಲಿಡುವ ಥರ್ಮೋಸ್ಟಾಟ್‌ಗೆ ಪೇಟೆಂಟ್ ಪಡೆದ. ಪಟ್ಟಿ ಸೂಕ್ಷ್ಮ ನಿಜ. ಆದರೆ ಪಂಪಿನ ನೀರಿನ ಒತ್ತಡಕ್ಕೆ ಎದುರಾಗಿ ವಾಲ್ವನ್ನು ದೂಡಲು ಸೂಕ್ಷ್ಮತೆಗಿಂತ ರಟ್ಟೆಬಲ ಬೇಕು.

ಆ ಬಲ ಬಂದದ್ದು ಅಮೆರಿಕದ ಹವಾಮಾನ ಇಲಾಖೆಯ ಕಡೆಯಿಂದ. ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ ಆ ಇಲಾಖೆಯ ಕೆಲಸದಲ್ಲಿದ್ದ ವೆಸ್ಟನ್ ಫುಲ್ಟನ್ ಎಂಬಾತ 20ನೇ ಶತಮಾನದ ಶುರುವಿನಲ್ಲಿ, ಎಲ್ಲೂ ಬೆಸುಗೆಯ ಗೆರೆಯಿಲ್ಲದ ಲೋಹದ ಮಡಿಕೆ ತಿದಿಯನ್ನು ರೂಪಿಸಿದ. ಬೇಗ ಆವಿಯಾಗುವ ದ್ರವವನ್ನು ಒಳಗಿಟ್ಟು ಮುಚ್ಚಿದರೆ, ಬಿಸಿ ತಾಗಿದಾಗ ತಿದಿ ಹಿಗ್ಗಿ ವಾಲ್ವನ್ನು ಎತ್ತುತ್ತದೆ. 1914ರಲ್ಲಿ ಹೊರಬಂದ ಕ್ಯಾಡಿಲ್ಯಾಕ್ ವಿ-8 ಕಾರಿನಲ್ಲಿ ತಣಿಸುವ ನೀರಿನ ಹರಿವು ಥರ್ಮೋಸ್ಟಾಟಿನ ಹಿಡಿತಕ್ಕೆ ಬಂತು.

ತಿದಿಗೆ ಒಂದು ದೌರ್ಬಲ್ಯವಿತ್ತು. ಅದು ಬಿಸಿಗೆ ಎಷ್ಟು ಕಿವಿಗೊಡುತ್ತದೋ ಹೊರಗಿನ ಒತ್ತಡಕ್ಕೂ ಅಷ್ಟೇ ಕಿವಿಗೊಡುತ್ತದೆ. ನೀರು ಕುದಿಯುವ ಮಟ್ಟವನ್ನು ಏರಿಸಲು ಎಂಜಿನ್ ತಯಾರಕರು ರೇಡಿಯೇಟರನ್ನು ಬಿಗಿಯಾಗಿ ಮುಚ್ಚತೊಡಗಿದಾಗ ಒಳಗಿನ ಒತ್ತಡ ಏರಿತು. ಆ ಒತ್ತಡ ತಿದಿಯನ್ನು ಅಮುಕಿತು, ತೆರೆಯಬೇಕಾದ ಹೊತ್ತಿಗೆ ವಾಲ್ವ್ ತೆರೆಯಲಿಲ್ಲ.

ಇಲ್ಲಿ ಬರುತ್ತಾನೆ ಸರ್ಜಿಯಸ್ ವರ್ನೆಟ್. 1934ರಲ್ಲಿ ಅವನು ಆವಿಯನ್ನು ಕೈಬಿಟ್ಟು ಪ್ಯಾರಾಫಿನ್ ಮೇಣವನ್ನು ಹಿಡಿದ. ಮೇಣ ಕರಗುವಾಗ ಅದರ ಗಾತ್ರ ಹೆಚ್ಚುಕಡಿಮೆ ಹತ್ತನೇ ಒಂದು ಪಾಲು ಹಿಗ್ಗುತ್ತದೆ. ಗಟ್ಟಿಯಾದ ಲೋಹದ ಬಟ್ಟಲಲ್ಲಿ ತುಂಬಿ ಮುಚ್ಚಿದರೆ ಆ ಹಿಗ್ಗಿಗೆ ಹೋಗಲು ಬೇರೆ ಜಾಗವಿಲ್ಲ. ನಡುವಿನ ಕಡ್ಡಿಯನ್ನು ಭಾರೀ ಬಲದಿಂದ ಹೊರಕ್ಕೆ ನೂಕುತ್ತದೆ. ಹೊರಗಿನ ನೀರಿನ ಒತ್ತಡ ಅದಕ್ಕೆ ಲೆಕ್ಕಕ್ಕೇ ಇಲ್ಲ. ಮೇಣ ಶಾಖವನ್ನು ನಿಧಾನವಾಗಿ ಹೀರುತ್ತದೆಂದು ಅದಕ್ಕೆ ತಾಮ್ರದ ಪುಡಿ ಬೆರೆಸುತ್ತಾರೆ. ಕರಗಿದ ಮೇಣ ಸೋರದಂತೆ ರಬ್ಬರಿನ ತಡೆ, ತಣಿದಾಗ ವಾಲ್ವನ್ನು ಹಿಂದಕ್ಕೆ ತರಲು ಒಂದು ಸ್ಪ್ರಿಂಗ್. ಇಷ್ಟೇ ಯಂತ್ರ.

ನನಗೆ ಇದರಲ್ಲಿ ಅತಿ ಜಾಣತನದ್ದಾಗಿ ಕಾಣುವುದು ಬಲವಲ್ಲ, ಬೆರಕೆ. ಪ್ಯಾರಾಫಿನ್ನಿನಲ್ಲಿ ಬೇರೆಬೇರೆ ಬಿಸಿಗೆ ಕರಗುವ ಬಗೆಗಳಿವೆ. ಅವನ್ನು ಹದವಾಗಿ ಬೆರೆಸಿದರೆ ಬೇಕಾದ ಡಿಗ್ರಿಗೆ ತೆರೆಯುವ ಥರ್ಮೋಸ್ಟಾಟ್ ಸಿದ್ಧ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಹಿತ್ತಾಳೆ ಗುಂಡಿ. ನಷ್ಟವೂ ಆಯಿತೆನ್ನಿ: ತಿದಿ ಒಡೆದರೆ ವಾಲ್ವ್ ತೆರೆದೇ ಉಳಿಯುತ್ತಿತ್ತು, ಎಂಜಿನ್ ತಣ್ಣಗಾಗಿ ಓಡುತ್ತಿತ್ತು. ಮೇಣ ಸೋರಿಹೋದರೆ ಸ್ಪ್ರಿಂಗ್ ವಾಲ್ವನ್ನು ಮುಚ್ಚಿಬಿಡುತ್ತದೆ, ಎಂಜಿನ್ ಕಾಯುತ್ತದೆ.

ಬೆರಕೆಯ ಬೆಲೆ ತಿಳಿಯಬೇಕಾದರೆ ಜಪಾನಿನ ಯಾನ್ಮಾರ್ ಕಂಪನಿಯ 2ಜಿಎಂ20 ನೋಡಬೇಕು. ಎಷ್ಟೋ ಹಾಯಿದೋಣಿಗಳಲ್ಲಿ ಇರುವ ಈ ಎರಡು ಸಿಲಿಂಡರಿನ ಎಂಜಿನ್ ಸಮುದ್ರದ ನೀರನ್ನೇ ನೇರ ಒಳಗೆ ಹರಿಸಿಕೊಳ್ಳುತ್ತದೆ. ಅದರ ಥರ್ಮೋಸ್ಟಾಟ್ ತೆರೆಯತೊಡಗುವುದು 42 ಡಿಗ್ರಿಗೆ. ಮುಚ್ಚಿರುವಾಗಲೂ ಪಂಪಿನ ನೀರು ನಿಲ್ಲುವುದಿಲ್ಲ. ಬೈಪಾಸ್ ಕೊಳವೆ ಹಿಡಿದು ಹೊಗೆದಾರಿಗೆ ಹೋಗುತ್ತದೆ, ಇಲ್ಲದಿದ್ದರೆ ಅಲ್ಲಿನ ರಬ್ಬರ್ ಹೋಸು ಸುಟ್ಟೀತು. ಡೀಸೆಲ್ಲಿಗೆ 42 ಸುಖದ ಬಿಸಿಯೇನಲ್ಲ, ಸುಣ್ಣಕ್ಕೆ ಹೆದರಿ ಮಾಡಿಕೊಂಡ ರಾಜಿ. ಅದೇ ಎಂಜಿನ್ನಿನ ಇನ್ನೊಂದು ರೂಪ 2ಜಿಎಂ20ಎಫ್. ಅದರೊಳಗೆ ಸುತ್ತುವುದು ಕೂಲಂಟ್ ಬೆರೆಸಿದ ಸಿಹಿನೀರು. ಸಮುದ್ರದ ನೀರು ಹೀಟ್ ಎಕ್ಸ್‌ಚೇಂಜರಿನಲ್ಲಿ ಅದರ ಶಾಖ ಪಡೆದು ಹೊರಗೆ ಹೋಗುತ್ತದೆ. ಸುಣ್ಣದ ಭಯ ತಪ್ಪಿದ್ದರಿಂದ ಅಲ್ಲಿ ಹಾಕಿರುವುದು 71 ಡಿಗ್ರಿಯದು. ಹಾಗಾಗಿ ಹಳೆಯ ಎಂಜಿನ್ನಿಗೆ ಹೀಟ್ ಎಕ್ಸ್‌ಚೇಂಜರ್ ಕೂರಿಸುವವರು ಥರ್ಮೋಸ್ಟಾಟನ್ನೂ ಬದಲಿಸಬೇಕು. ಹಳೆಯದನ್ನೇ ಬಿಟ್ಟರೆ ಖರ್ಚು ಮಾಡಿಯೂ ಎಂಜಿನ್ ಮೊದಲಿನ ಹಾಗೆ ತಣ್ಣಗೇ ಓಡುತ್ತದೆ.