ಕಾವಲು ಕಂಪ್ಯೂಟರಿಗೆ ಎಷ್ಟು ಬುದ್ಧಿ ಬೇಕು?

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಕಡೆ ಈಗ ಮನೆಪಾಠದ ಕೇಂದ್ರಗಳಿಗೂ ಕ್ಯಾಮೆರಾ ಬಂದಿದೆ. ಆಫೀಸಿನ ಕಂಪ್ಯೂಟರು ಹಗಲು ಟ್ಯಾಲಿಯಲ್ಲಿ ಶುಲ್ಕದ ಲೆಕ್ಕ ಇಡಬೇಕು, ನುಡಿಯಲ್ಲಿ ಪತ್ರ ಬರೆಯಬೇಕು. ಜೊತೆಗೆ ಇಪ್ಪತ್ನಾಲ್ಕು ಗಂಟೆಯೂ ಎಂಟು ಕ್ಯಾಮೆರಾಗಳ ಚಿತ್ರ ದಾಖಲಿಸಬೇಕು. ‘ಇದಕ್ಕೆಲ್ಲ ದೊಡ್ಡ ಪ್ರೊಸೆಸರೇ ಬೇಕು ಸಾರ್’ ಎನ್ನುವ ಸಲಹೆ ಎಸ್.ಪಿ. ರಸ್ತೆಯಲ್ಲಿ ಧಾರಾಳವಾಗಿ ಸಿಗುತ್ತದೆ. ಆ ಹಣ ಹೋಗುವುದು ತಂದೆತಾಯಿಗಳು ಕಟ್ಟುವ ಶುಲ್ಕದಿಂದ. ಆದ್ದರಿಂದ ಲೆಕ್ಕ ಹಾಕಿಯೇ ನೋಡೋಣ. ಹೈಸ್ಕೂಲಿನ ಗುಣಾಕಾರ ಸಾಕು.

ಸಾಮಾನ್ಯ 2 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಚಿತ್ರದಲ್ಲಿ 1920 × 1080, ಅಂದರೆ 20,73,600 ಬಿಂದುಗಳಿರುತ್ತವೆ. ಪ್ರತಿ ಬಿಂದುವಿನ ಬಣ್ಣಕ್ಕೆ 3 ಬೈಟ್, ಸೆಕೆಂಡಿಗೆ 25 ಚಿತ್ರ ಎಂದರೆ ಸೆಕೆಂಡಿಗೆ 15 ಕೋಟಿ ಬೈಟ್ ದಾಟಿತು! ಆದರೆ ಇಷ್ಟೂ ಕಂಪ್ಯೂಟರಿಗೆ ಬರುವುದಿಲ್ಲ. ಅಲುಗಾಡದ ಗೋಡೆಯನ್ನು ಮತ್ತೆ ಮತ್ತೆ ಕಳಿಸದೆ, ಬದಲಾದ ಭಾಗವನ್ನಷ್ಟೇ ಕಳಿಸುವ ಎಚ್.264 ಎಂಬ ವಿಧಾನ 2003ರಿಂದ ಬಳಕೆಯಲ್ಲಿದೆ. ಈ ಸಂಕೋಚನವನ್ನು ಕ್ಯಾಮೆರಾ ತಾನೇ ಮಾಡಿಬಿಡುತ್ತದೆ. ಉಳಿಯುವುದು ಸೆಕೆಂಡಿಗೆ ಸುಮಾರು 5 ಲಕ್ಷ ಬೈಟ್. ಅದನ್ನು ಡಿಸ್ಕಿಗೆ ಬರೆದಿಡುವುದು ಗುಮಾಸ್ತನ ಕೆಲಸ, ಪಂಡಿತರು ಬೇಡ. ಅಂಗಡಿಯಲ್ಲಿ ಸಿಗುವ ಎನ್‌ವಿಆರ್ ಪೆಟ್ಟಿಗೆ ತೀರ ಚಿಕ್ಕ ಚಿಪ್ಪಿನಿಂದ ಇದನ್ನೇ ಮಾಡುತ್ತದೆ.

ಪ್ರೊಸೆಸರ್ ಬೆವರುವುದು ಬೇರೆ ಕಡೆ. ಎಂಟು ಕ್ಯಾಮೆರಾಗಳನ್ನೂ ಪರದೆಯ ಮೇಲೆ ಒಟ್ಟಿಗೆ ತೋರಿಸಬೇಕಾದರೆ ಸೆಕೆಂಡಿಗೆ 200 ಚಿತ್ರಗಳ ಗಂಟು ಬಿಚ್ಚಬೇಕು. ಇದಕ್ಕೆಂದೇ ಇಂಟೆಲ್ ಕಂಪನಿ 2011ರಿಂದ ತನ್ನ ಹಲವು ಪ್ರೊಸೆಸರುಗಳ ಗ್ರಾಫಿಕ್ಸ್ ಭಾಗದಲ್ಲಿ ‘ಕ್ವಿಕ್ ಸಿಂಕ್’ ಎಂಬ ಪ್ರತ್ಯೇಕ ವ್ಯವಸ್ಥೆ ಇಟ್ಟಿದೆ. ಕೊಳ್ಳುವವರು ಗಮನಿಸಬೇಕಾದ್ದು ಇಲ್ಲಿ. ಕೋರ್ ಐ-3 12100ರಲ್ಲಿ ಆ ಭಾಗ ಇದೆ. ಕೊನೆಗೆ ‘ಎಫ್’ ಅಕ್ಷರವಿರುವ 12100 ಎಫ್‌ನಲ್ಲಿ ಇಲ್ಲ. ಎಎಮ್‌ಡಿಯ ರೈಝನ್ 5600ರಲ್ಲೂ ಗ್ರಾಫಿಕ್ಸ್ ಇಲ್ಲ, 5600 ಜಿ ಯಲ್ಲಿದೆ. ಸ್ವಲ್ಪ ಹಣ ಉಳಿಸಲು ಹೋದರೆ ಬೇರೆ ಗ್ರಾಫಿಕ್ಸ್ ಕಾರ್ಡು ಕೊಳ್ಳಬೇಕಾದೀತು. ದಾಖಲಿಸುವ ತಂತ್ರಾಂಶ ಈ ಸೌಲಭ್ಯ ಬಳಸುತ್ತದೆಯೇ ಎಂದೂ ಕೇಳಿಕೊಳ್ಳಿ. ನಾಲ್ಕು ಕೋರ್ ಧಾರಾಳ. (ನಮ್ಮ ಹತ್ತನೇ ತರಗತಿ ಹುಡುಗರಿಗೆ ಆಟದ ಪ್ರೊಸೆಸರುಗಳ ಹೆಸರು ಆವರ್ತ ಕೋಷ್ಟಕಕ್ಕಿಂತ ಚೆನ್ನಾಗಿ ಬಾಯಿಪಾಠ. ಈ ವಿಷಯದಲ್ಲಿ ಅವರ ಮಾತು ಕೇಳಬೇಡಿ!)

ಕರೆಂಟಿನ ಲೆಕ್ಕವೂ ಇದೆ. ಎಡೆಬಿಡದೆ 60 ವ್ಯಾಟ್ ಎಳೆಯುವ ಕಂಪ್ಯೂಟರಿಗೆ ತಿಂಗಳಿಗೆ 43 ಯೂನಿಟ್. 150 ವ್ಯಾಟಿನದಕ್ಕೆ 108.

ಪ್ರೊಸೆಸರಿನಲ್ಲಿ ಉಳಿದ ಹಣವನ್ನು ಡಿಸ್ಕಿಗೆ ಹಾಕಿ. ಒಂದು ಕ್ಯಾಮೆರಾಕ್ಕೆ ದಿನಕ್ಕೆ 43 ಗಿಗಾಬೈಟ್. ಎಂಟಕ್ಕೆ 30 ದಿನಕ್ಕೆ 10 ಟೆರಾಬೈಟಿಗೂ ಹೆಚ್ಚು. ಎಚ್.265 ವಿಧಾನವಿದ್ದರೆ ಸುಮಾರು ಅರ್ಧ. ಜನ ಹೆಚ್ಚು ಸೇರುವ ಸಂಸ್ಥೆಗಳು 30 ದಿನದ ದಾಖಲೆ ಇಡಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಸಿಬಿಎಸ್‌ಇ ತನ್ನ ಶಾಲೆಗಳಿಗೆ ಕನಿಷ್ಠ 15 ದಿನ ಎಂದು 2025ರಲ್ಲಿ ವಿಧಿಸಿತು. ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಮೂರನೇ ದಿನಕ್ಕೇ ಹಳೆಯದು ಅಳಿಯತೊಡಗುತ್ತದೆ. ಸೋಮವಾರ ಮೆಟ್ಟಿಲ ಬಳಿ ಮಗುವಿಗೆ ಪೆಟ್ಟಾಗಿ, ಪೋಷಕರು ಶುಕ್ರವಾರ ಬಂದು ಕೇಳಿದರೆ ತೋರಿಸಲು ಏನೂ ಇರುವುದಿಲ್ಲ, ಪ್ರೊಸೆಸರ್ ಎಷ್ಟೇ ದುಬಾರಿಯಾಗಿರಲಿ.

ದಾಖಲೆಯ ಡಿಸ್ಕು, ಲೆಕ್ಕಪತ್ರದ ಡಿಸ್ಕು ಬೇರೆ ಬೇರೆ ಇರಲಿ. ಜೊತೆಗೊಂದು ಯುಪಿಎಸ್. ಪೋಷಕರ ಸಭೆಗೆ ಹೋದಾಗ ಎಷ್ಟು ಕ್ಯಾಮೆರಾ ಇವೆ ಎಂದಷ್ಟೇ ಕೇಳಬೇಡಿ. ಹದಿನಾಲ್ಕು ದಿನದ ಹಿಂದಿನ ಚಿತ್ರವೊಂದನ್ನು ತೆರೆದು ತೋರಿಸಿ ಎನ್ನಿ.