ಸಸ್ಯಜನ್ಯ ಈಸ್ಟ್ರೋಜನ್: ಮೇವಿನಿಂದ ಮದ್ದಿನವರೆಗೆ

1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯದ ಕುರಿಸಾಕಣೆಗಾರರನ್ನು ಒಂದು ವಿಚಿತ್ರ ಸಮಸ್ಯೆ ಕಾಡಿತು. ಹುಲುಸಾದ ಹುಲ್ಲುಗಾವಲಿನಲ್ಲಿ ಮೇಯ್ದು ಪುಷ್ಟವಾಗಿದ್ದ ಹೆಣ್ಣುಕುರಿಗಳು ಗಬ್ಬವಾಗುತ್ತಿರಲಿಲ್ಲ. ಬೆನೆಟ್ಸ್ ಮತ್ತು ಅವರ ಸಹೋದ್ಯೋಗಿಗಳು 1946ರಲ್ಲಿ ಪ್ರಕಟಿಸಿದ ವರದಿಯು ಈ ಬಂಜೆತನಕ್ಕೆ ಸಬ್‌ಟೆರೇನಿಯನ್ ಕ್ಲೋವರ್ ಎಂಬ ಮೇವಿನ ಸಸ್ಯದೊಡನೆ ಸಂಬಂಧವಿರುವುದನ್ನು ತೋರಿಸಿತು. ಅದರ ಎಲೆಯಲ್ಲಿರುವ ಫಾರ್ಮೊನೊನೆಟಿನ್, ಕುರಿಯ ಹೊಟ್ಟೆಯ ಸೂಕ್ಷ್ಮಜೀವಿಗಳ ಕ್ರಿಯೆಯಿಂದ ಈಕ್ವಾಲ್ ಆಗಿ ಮಾರ್ಪಟ್ಟು, ಸ್ತ್ರೀಹಾರ್ಮೋನಾದ ಈಸ್ಟ್ರೋಜನ್ನಿನಂತೆ ವರ್ತಿಸುತ್ತದೆಂಬುದು ಮುಂದೆ ತಿಳಿದುಬಂದಿತು. ಈಕ್ವಾಲನ್ನು 1932ರಲ್ಲಿಯೇ ಗಬ್ಬದ ಕುದುರೆಯ ಮೂತ್ರದಿಂದ ಬೇರ್ಪಡಿಸಲಾಗಿತ್ತು. ಕುದುರೆಯ ಲ್ಯಾಟಿನ್ ಹೆಸರೇ ಅದರ ಹೆಸರಿನಲ್ಲಿ ಉಳಿದಿದೆ.

ಸೋಯಾ ಅವರೆಯ ಜೆನಿಸ್ಟೀನ್ ಮತ್ತು ಡೈಡ್ಜೀನ್ ಇದೇ ಐಸೋಫ್ಲೇವೋನ್ ವರ್ಗಕ್ಕೆ ಸೇರಿದವು. ಅಗಸೆಬೀಜದ ಲಿಗ್ನಾನುಗಳದು ಬೇರೆ ವರ್ಗ. ಐಸೋಫ್ಲೇವೋನುಗಳು ಸ್ಟೆರಾಯ್ಡುಗಳಲ್ಲ. ಆದರೂ ಅಣುವಿನ ಎರಡು ತುದಿಗಳ ಹೈಡ್ರಾಕ್ಸಿಲ್ ಗುಂಪುಗಳ ನಡುವಣ ಅಂತರ ಈಸ್ಟ್ರಡಯೋಲಿನಲ್ಲಿರುವ ಅಂತರವನ್ನು ಹೋಲುವುದರಿಂದ, ಕಳ್ಳಕೀಲಿ ಬೀಗಕ್ಕೆ ಹೊಂದುವಂತೆ ಅವು ಜೀವಕೋಶದ ಗ್ರಾಹಕಕ್ಕೆ ಹೊಂದಿಕೊಳ್ಳುತ್ತವೆ. ಬೀಗವೂ ಒಂದೇ ಬಗೆಯದಲ್ಲ. ಎರಡನೆಯ ಗ್ರಾಹಕವಾದ ಬೀಟಾ 1996ರಲ್ಲಿ ಬೆಳಕಿಗೆ ಬಂದಿತು. ಜೆನಿಸ್ಟೀನ್ ಆಲ್ಫಾಕ್ಕಿಂತ ಬೀಟಾಕ್ಕೆ ಬಲವಾಗಿ ಅಂಟುತ್ತದೆ. ಗರ್ಭಕೋಶವನ್ನು ಕೆರಳಿಸದೆ ಬೇಕಾದ ಅಂಗದಲ್ಲಷ್ಟೇ ಹಾರ್ಮೋನಿನ ಫಲ ಪಡೆಯಬಹುದೆಂಬ ಆಸೆ ಚಿಗುರಿದ್ದು ಇಲ್ಲಿಂದ.

ಈ ಆಸೆಗೆ ಇಂಬು ದೊರೆತದ್ದು 2002ರಲ್ಲಿ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಎಂಬ ಅಧ್ಯಯನದಲ್ಲಿ 16,608 ಮಹಿಳೆಯರ ಮೇಲೆ ನಡೆಯುತ್ತಿದ್ದ ಈಸ್ಟ್ರೋಜನ್-ಪ್ರೊಜೆಸ್ಟಿನ್ ಪ್ರಯೋಗವನ್ನು, ಸ್ತನ ಕ್ಯಾನ್ಸರ್ ಹಾಗೂ ಹೃದಯಾಘಾತಗಳ ಅಪಾಯ ಹೆಚ್ಚಿದ್ದರಿಂದ, ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಮುಟ್ಟು ನಿಲ್ಲುವ ವಯಸ್ಸಿನ ಬಿಸಿಯುಬ್ಬರ, ನಿದ್ರಾಹೀನತೆಗಳಿಂದ ಬಳಲುತ್ತಿದ್ದ ಅನೇಕರು ಹಾರ್ಮೋನು ಗುಳಿಗೆಯನ್ನು ಬಿಟ್ಟು 'ನೈಸರ್ಗಿಕ' ಗುಳಿಗೆಗಳತ್ತ ತಿರುಗಿದರು. ಹಾಗೆ ನೋಡಿದರೆ ಆ ಪ್ರಯೋಗದ ಈಸ್ಟ್ರೋಜನ್ ಕೂಡ ಗಬ್ಬದ ಕುದುರೆಯ ಮೂತ್ರದಿಂದ ತೆಗೆದದ್ದೇ. ನೈಸರ್ಗಿಕವೆಂಬ ಬಿರುದಿಗೆ ಅದಕ್ಕೂ ಅರ್ಹತೆಯಿತ್ತು.

ಫಲವೇನು? 2013ರ ಕಾಕ್ರೇನ್ ಪರಾಮರ್ಶೆಗೆ ಸಸ್ಯಜನ್ಯ ಈಸ್ಟ್ರೋಜನ್ ಬಿಸಿಯುಬ್ಬರವನ್ನು ತಗ್ಗಿಸುತ್ತದೆಂಬ ನಿರ್ಣಾಯಕ ಆಧಾರ ದೊರೆಯಲಿಲ್ಲ. ದಿನಕ್ಕೆ ಕನಿಷ್ಠ 30 ಮಿಲಿಗ್ರಾಂ ಜೆನಿಸ್ಟೀನ್ ಇರುವ ಸಾರಗಳು ಮಾತ್ರ ಆಶಾದಾಯಕವಾಗಿ ಕಂಡವು. ಡೈಡ್ಜೀನನ್ನು ಈಕ್ವಾಲಾಗಿಸುವ ಸೂಕ್ಷ್ಮಜೀವಿಗಳು ಎಲ್ಲರ ಕರುಳಿನಲ್ಲೂ ಇಲ್ಲದಿರುವುದು ಫಲಿತಾಂಶಗಳ ಏರುಪೇರಿಗೆ ಒಂದು ಕಾರಣವಿರಬಹುದು. ಒಂದೇ ಗುಳಿಗೆ ಇಬ್ಬರಲ್ಲಿ ಎರಡು ಮದ್ದಾಗುವುದೆಂದರೆ ಇದೇ.

ಸ್ತನ ಕ್ಯಾನ್ಸರಿನಿಂದ ಚೇತರಿಸಿಕೊಂಡವರಿಗೆ ಈ ಪ್ರಶ್ನೆ ಇನ್ನೂ ತೀಕ್ಷ್ಣವಾದುದು. ಅಲ್ಪ ಪ್ರಮಾಣದ ಜೆನಿಸ್ಟೀನ್ ಪ್ರಯೋಗಾಲಯದಲ್ಲಿ ಈಸ್ಟ್ರೋಜನ್-ಅವಲಂಬಿ ಕ್ಯಾನ್ಸರ್ ಕೋಶಗಳನ್ನು ಬೆಳೆಸಬಲ್ಲದು. ಆದರೆ ಸೋಯಾ ಆಹಾರ ಸೇವಿಸುವ ರೋಗಿಗಳನ್ನು ಕುರಿತು ಶಾಂಘೈನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಾನಿ ಕಾಣಲಿಲ್ಲ; ರೋಗ ಮರುಕಳಿಸುವಿಕೆ ಕಡಮೆಯೇ ಇತ್ತು. ಆದರೆ ಊಟದ ಸೋಯಾ ಬೇರೆ, ಸಾಂದ್ರೀಕರಿಸಿದ ಗುಳಿಗೆ ಬೇರೆ. 2004ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ ದಿನಕ್ಕೆ 150 ಮಿಲಿಗ್ರಾಂ ಸೋಯಾ ಐಸೋಫ್ಲೇವೋನನ್ನು 5 ವರ್ಷ ಸೇವಿಸಿದ ಕೆಲವರಲ್ಲಿ ಗರ್ಭಕೋಶದ ಒಳಪೊರೆ ಅಸಹಜವಾಗಿ ಬೆಳೆದಿತ್ತು. ಔಷಧವಿಲ್ಲದ ತೋರಿಕೆಯ ಗುಳಿಗೆ ಸೇವಿಸಿದವರಲ್ಲಿ ಒಬ್ಬರಿಗೂ ಹಾಗಾಗಿರಲಿಲ್ಲ.